ತಲೆದಿಂಬಿನ ಗುಡ್ಡಕ್ಕೆ ಹಾಕಿದ ಬಿಳಿ ಗುರುತು

ಮಾನ್ಯರೇ,

ಮಸರಕಲ್ ಸೀಮೆಯ ತಲೆದಿಂಬಿನ ಗುಡ್ಡವನ್ನು ಕಾಯುತ್ತೇನೆಂದು ಮಾತು ಕೊಟ್ಟ ಗಣಿ ಇಲಾಖೆಯ ಅಧಿಕಾರಿಯೂ ತಾವೇ, ಒಡೆಯಲು ಪರವಾನಗಿ ಕೊಟ್ಟವರೂ ತಾವೇ. ಈ ಐದು ವರ್ಷದಲ್ಲಿ ತಮಗೆ ಬಡ್ತಿ ಸಿಕ್ಕಿದೆ, ಸಂತೋಷ. ಗುಡ್ಡ ಮಾತ್ರ ಜಲ್ಲಿಯಾಗಿ ದೇವದುರ್ಗದ ರಸ್ತೆಗೆ ಬಿದ್ದಿದೆ.

ತಾವು ಮರೆತಿರಬಹುದು, ನೆನಪಿಸುತ್ತೇನೆ. ೧೯೭೯ರ ಬೇಸಿಗೆಯಲ್ಲಿ ತಾವು ಜೀಪಿನಲ್ಲಿ ಬಂದಾಗ ನನ್ನ ತಾಯಿ ಮೂಕಮ್ಮ ಅಲ್ಲಿ ಜಲ್ಲಿ ಒಡೆಯುತ್ತಿದ್ದಳು. ಅವಳ ಕೊಡದ ನೀರನ್ನೇ ಇಸಿದುಕೊಂಡು ಬಂಡೆಯ ಮೇಲೆ ಸುರಿದಿರಿ. ಒದ್ದೆಯಾದ ಕೂಡಲೇ ದಿಂಬಿನಂಥ ಒಂದೊಂದು ಉಬ್ಬಿನ ಸುತ್ತಲೂ ಕಪ್ಪು ಅಂಚು ಎದ್ದು ಕಂಡಿತು. ಇದು ಸಮುದ್ರದ ತಳದಲ್ಲಿ ಉಕ್ಕಿ, ನೀರು ತಾಗಿ ಹೆಪ್ಪುಗಟ್ಟಿದ ಲಾವಾ, ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಳೆಯದು, ಭೂಮಿ ಎಳೆಯದಾಗಿದ್ದಾಗಿನ ಸಾಕ್ಷಿ, ಒಡೆದರೆ ಮತ್ತೆ ಸಿಗದು ಎಂದಿರಿ. ಒಂದು ಕೊಡ ನೀರಿಗೆ ಸರದಿ ನಿಲ್ಲುವ ನಮಗೆ ಸಮುದ್ರವನ್ನೇ ತೋರಿಸಿದ ಮಹಾನುಭಾವರು ತಾವು. ಆಮೇಲೆ ಉಳಿಸಬೇಕಾದ ಬಂಡೆಗಳನ್ನು ಆರಿಸಿ ಬಿಳಿ ಬಣ್ಣದಲ್ಲಿ ಗುರುತು ಹಾಕಿದಿರಿ. ಬಣ್ಣದ ಡಬ್ಬಿ ಹಿಡಿದವನು ನಾನು.

"ಯವ್ವಾ, ಸಾಹೇಬ್ರು ಹೇಳ್ಯಾರ, ಇನ್ನ ಇಲ್ಲಿ ಸುತ್ತಿಗಿ ಎತ್ತಬ್ಯಾಡ" ಎಂದು ತಾಯಿಯನ್ನು ಒಪ್ಪಿಸಿದವನೂ ನಾನೇ. ಮರುದಿನದಿಂದ ಅವಳು ಎರಡು ಮೈಲಿ ಆಚೆಯ ಕಲ್ಲುಗಣಿಗೆ ನಡೆದಳು. ಐದು ವರ್ಷ ಹಾಗೆಯೇ ನಡೆದಳು.

ಕಳೆದ ತಿಂಗಳು ಗುತ್ತಿಗೆದಾರರ ಲಾರಿಗಳು ಬಂದವು. ತಡೆಯಲು ಓಡಿದೆ. ಅವರ ಮೇಸ್ತ್ರಿ ಖಾಸಿಂ ಸಾಬ್, ತಾವು ಸಹಿ ಹಾಕಿದ ಪರವಾನಗಿ ತೋರಿಸಿ, "ಮಾಸ್ತರ್ರೀ, ಬಿಳಿ ಗುರ್ತು ಇದ್ದದ್ದು ಒಡೆಯಾಕ ಪಾಸಾದ ಕಲ್ಲು. ನಮ್ಮ ಕೆಲಸದಾಗ ಅದೇ ರಿವಾಜು. ಅವನ್ನ ಮೊದಲ ಒಡದೀವಿ" ಎಂದ. ಅವನ ತಪ್ಪೇನು? ಉಳಿಯಬೇಕಾದ ಬಂಡೆಗಳನ್ನೇ ಹುಡುಕಿ ಹುಡುಕಿ ಒಡೆಸಿದ್ದು ತಮ್ಮ ಗುರುತು, ತಮ್ಮ ಸಹಿ. ಸಹಿ ಹಾಕುವಾಗ ಗುಡ್ಡದ ಹೆಸರನ್ನಾದರೂ ಓದಿದಿರಾ? ಅಥವಾ ಓದಿಯೂ ಹಾಕಿದಿರಾ?

ತಾಯಿ ಬಂದು ಜಲ್ಲಿ ರಾಶಿಯ ಮುಂದೆ ನಿಂತಳು. ನನ್ನನ್ನು ಬೈಯಲಿಲ್ಲ. "ನಾ ಒಡದ್ರ ಪಾಪ, ಅವ್ರು ಒಡದ್ರ ರಸ್ತೇನೋ ತಾಯಣ್ಣ?" ಎಂದಳು.

ಗುಡ್ಡದ ಪಡುವಣ ಮಗ್ಗುಲು ಇನ್ನೂ ಉಳಿದಿದೆ. ಈ ವಾರವೇ ಪರವಾನಗಿ ರದ್ದು ಮಾಡಿ. ಆ ಆದೇಶವನ್ನು ಟಪಾಲಿನಲ್ಲಿ ಕಳಿಸಬೇಡಿ. ತಾವೇ ಬಂದು ಮೂಕಮ್ಮನ ಎದುರು ನಿಂತು ಓದಿ ಹೇಳಿ. ಅವಳಿಗೆ ಓದು ಬಾರದು. ನಾನು ಓದಿ ಹೇಳಿದರೆ ಅವಳು ಇನ್ನು ನಂಬುವುದಿಲ್ಲ.

ಇಂತಿ,
ತಮ್ಮನ್ನು ನಂಬಿ ಹೆತ್ತವಳ ಮುಂದೆ ಸುಳ್ಳುಗಾರನಾದ
ತಾಯಣ್ಣ, ಶಾಲಾ ಮಾಸ್ತರ, ಮಸರಕಲ್