ಒಂದು ಗಂಟೆ ಏಳು ನಿಮಿಷ

ಮಾರ್ಚ್ 3, ಸೋಮವಾರ. ಸಂಜೆ 6:30

ಬಿಸಿನೀರು ಇಟ್ಟೆ. ಅಕ್ಕ ಬಂದಳು, ಚಪ್ಪಲಿ ಬಿಟ್ಟಳು, ಬಕೆಟ್ಟಿನಲ್ಲಿ ಕಾಲು ಇಳಿಸಿದಳು. ಇವತ್ತು ಎಪ್ಪತ್ತೆರಡು ಎದೆ, ಹತ್ತೊಂಬತ್ತು ಮೂಳೆ ಅಂದಳು. ಎಕ್ಸ್‌ರೇ ಕೋಣೆಯಲ್ಲಿ ದಿನವಿಡೀ “ಉಸಿರು ಹಿಡ್ಕೊಳ್ಳಿ... ಬಿಡಿ” ಎಂದು ಹೇಳಿ ಹೇಳಿ, ಮನೆಗೆ ಬಂದ ಮೇಲೆ ಅವಳಿಗೆ ಮಾತೇ ಬೇಡ. ಅದಕ್ಕೇ ನಾನು ಓದುತ್ತೇನೆ. ಏಳು ವರ್ಷದ ಹಿಂದೆ ಅಮ್ಮ ತೀರಿಕೊಂಡಾಗಿನಿಂದ ಇದೇ ಪದ್ಧತಿ — ಅವಳ ಕಾಲು ನೀರಿನಲ್ಲಿ, ನನ್ನ ಕೈಯಲ್ಲಿ ಕಿರುಹೊತ್ತಿಗೆ.

ಪ್ರೆಸ್ಸಿನಲ್ಲಿ ಮಡಚಿ ಪಿನ್ ಹೊಡೆಯುವುದು ನನ್ನ ಕೆಲಸ. ಯಂತ್ರ ಓರೆಯಾಗಿ ಕತ್ತರಿಸಿ ಹಾಳಾದ ಪ್ರತಿಗಳೆಲ್ಲ ನನಗೇ. ಕಾಲೇಜಿಗೆ ಹೋಗದಿದ್ದರೂ ನಾನೂರು ಕಿರುಹೊತ್ತಿಗೆ ಓದಿದ್ದೇನೆ. ಕೆಲವಕ್ಕೆ ಕೊನೆಯ ಪುಟ ಇರಲಿಲ್ಲ, ಕೊನೆಯನ್ನು ನಾನೇ ಯೋಚಿಸಿಕೊಂಡೆ.

ಇವತ್ತಿನದು “ಯಾರೂ ಯಾರ ಸ್ವತ್ತೂ ಅಲ್ಲ”. ಅದ್ಭುತ. ಪ್ರೀತಿಯಲ್ಲೂ ಒಡೆತನ ಹೇಗೆ ನುಸುಳುತ್ತದೆ ಎಂಬುದರ ಬಗ್ಗೆ. ಅಕ್ಕ ಕಣ್ಣು ಮುಚ್ಚಿ ಕೇಳಿದಳು. ಆಮೇಲೆ ಅಂದಳು — “ನಾಳೆ ಒಬ್ರು ಬರ್ತಾರೆ. ಟಿವಿಗೆ ಏನೋ ಡಬ್ಬಿ ಹಾಕ್ಕೊಡ್ತಾರಂತೆ.”

ಯಾರು ಎಂದು ಕೇಳಿದೆ.

“ಆಸ್ಪತ್ರೆ ಲಿಫ್ಟ್ ರಿಪೇರಿಯವರು.”

ಬಹುವಚನ. ಇರಲಿ.

ಮಾರ್ಚ್ 5, ಬುಧವಾರ

ನಿನ್ನೆ ಬಂದ. ಉದ್ದ ಕಾಲು, ಉಗುರಿನ ಸಂದಿಯಲ್ಲಿ ಗ್ರೀಸ್, ಬಾಗಿಲಲ್ಲಿ ತಲೆ ತಗ್ಗಿಸುವ ಅಭ್ಯಾಸ. ಈ ಪುಸ್ತಕದಲ್ಲಿ ಅವನ ಹೆಸರು ಲಿಫ್ಟ್, ಅಷ್ಟೇ ಸಾಕು.

ತಂದದ್ದು ಅವನ ಹಳೆಯ ಗೇಮ್ ಕನ್ಸೋಲ್. ನಮ್ಮ ಟಿವಿ ಮುದಿ, ತಾನಾಗಿ ಇಂಟರ್ನೆಟ್ ಹಿಡಿಯದು. ಡಬ್ಬಿಗೆ ವೈರ್ ಸಿಕ್ಕಿಸಿದ, ವೈಫೈ ಕೊಟ್ಟ... ಸಿನಿಮಾಗಳ ಸಾಲು ಸಾಲು ಬಂತು.

ಅಪ್ಪ ಕಂಟ್ರೋಲರನ್ನು ಎರಡೂ ಕೈಯಲ್ಲಿ ಸ್ಟಿಯರಿಂಗಿನಂತೆ ಹಿಡಿದ. ಮೂವತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು, ಡ್ರೈವರ್ ಸೀಟಿನ ಆಸೆ ಇನ್ನೂ ಹೋಗಿಲ್ಲ. “ಆಟ ಎಲ್ಲಪ್ಪಾ?”

“ಆಟ ಎಲ್ಲಾ ತೆಗ್ದಾಕ್ಬಿಟ್ಟೆ ಕಂಡಕ್ಟರ್ ಸಾಹೇಬ್ರೇ. ಈಗ ಬರೀ ಸಿನಿಮಾ.”

ಅವನದೇ ಖಾತೆಯಲ್ಲಿ, ಅವನ ಚಿತ್ರದ ಪಕ್ಕ, ನಮಗೂ ಒಬ್ಬೊಬ್ಬರಿಗೆ ಒಂದೊಂದು ಚಿತ್ರ ಇಟ್ಟ; ಅದನ್ನು ಒತ್ತಿದರೆ ಅವರವರು ನಿಲ್ಲಿಸಿದ ಜಾಗದಿಂದಲೇ ಸಿನಿಮಾ ಮುಂದುವರಿಯುತ್ತದಂತೆ. ಅಪ್ಪನಿಗೆ ಬಸ್ಸು. ಅಕ್ಕನಿಗೆ ಗೂಬೆ. ನನಗೆ ಖಾಲಿ ಹಾಳೆಯ ಚಿತ್ರ, ಕೆಳಗೆ “ಕರಪತ್ರ” ಎಂಬ ಹೆಸರು. ನಾನು ಅವನಿಗೆ ನಾಲ್ಕು ಮಾತು ಹೇಳಿದ್ದೆ — ಪರದೆ ಮನುಷ್ಯನನ್ನು ಸೋಫಾಕ್ಕೆ ಕಟ್ಟಿಹಾಕುವ ಬಗ್ಗೆ. ಅದಕ್ಕೆ ಸಿಕ್ಕ ಬಿರುದು.

“ಕರಪತ್ರ, ನಿಮ್ಮದನ್ನ ಒಂದ್ಸಲ ಆದ್ರೂ ತೆರೀರಿ.”

“ಸತ್ರೂ ಇಲ್ಲ” ಅಂದೆ. ಅಕ್ಕ ನಕ್ಕಳು. ಅವನ ಕಡೆ ತಿರುಗಿ ನಕ್ಕಳು.

ಮಾರ್ಚ್ 9, ಭಾನುವಾರ. ಬೆಳಿಗ್ಗೆ

ನಾಲ್ಕು ದಿನದಲ್ಲಿ ಓದಿದ್ದು ಎರಡೂವರೆ ಪುಟ.

ಬಕೆಟ್ಟು ಈಗ ಟಿವಿ ಮುಂದೆ. ನೀರು ನಾನೇ ಕಾಯಿಸಬೇಕು, ಕಾಲು ಅವಳದು, ಕಣ್ಣು ಮಾತ್ರ ಡಬ್ಬಿಯದು. ಅಪ್ಪನಂತೂ ಪೂರ್ತಿ ಶತ್ರು ಪಾಳೆಯ ಸೇರಿದ್ದಾನೆ. ಕಥೆ ನಿಧಾನವಾದರೆ “ಮುಂದೆ ಹೋಗಿ, ಮುಂದೆ ಹೋಗಿ, ಬಾಗಿಲಲ್ಲಿ ನಿಲ್ಬೇಡಿ” ಎಂದು ಕೂಗುತ್ತಾನೆ. “ನೀವು ಇನ್ನೂ ನೋಡುತ್ತಿದ್ದೀರಾ?” ಎಂದು ಡಬ್ಬಿ ಕೇಳಿದರೆ ಕೈ ಎತ್ತಿ “ಇದ್ದೀವಪ್ಪಾ!” ಅನ್ನುತ್ತಾನೆ.

ನನ್ನನ್ನು ಯಾರೂ ಹಾಗೆ ಕೇಳುವುದಿಲ್ಲ.

ಇದು ಹೊಟ್ಟೆಕಿಚ್ಚೇ? ಪ್ರಾಮಾಣಿಕವಾಗಿ ಬರೆಯಬೇಕು. ಅಲ್ಲ. ತತ್ವದ ಪ್ರಶ್ನೆ.

ಮಾರ್ಚ್ 11, ಮಂಗಳವಾರ. ಸಂಜೆ

ಡಬ್ಬಿಯ ಅಡಿಯಲ್ಲಿ ಒಂದು ಚೀಟಿ. ಅಕ್ಕನ ಅಕ್ಷರ. 0:21. 0:34. 0:48. ಎಕ್ಸ್‌ರೇ ಲೆಕ್ಕ ಇರಬೇಕು ಅಂದುಕೊಂಡೆ. ಕೇಳಿದ್ದಕ್ಕೆ ಸುಲಭವಾಗಿ ಹೇಳಿಬಿಟ್ಟಳು, ಅದೇ ಹೆಚ್ಚು ನೋವು.

ಇಬ್ಬರ ಶಿಫ್ಟ್ ಕೂಡುವುದಿಲ್ಲ. ಆದ್ದರಿಂದ ಒಂದೇ ಸಿನಿಮಾವನ್ನು ತುಂಡು ತುಂಡಾಗಿ ನೋಡುತ್ತಾರೆ. ಸಂಜೆ ಅಕ್ಕ ಇಲ್ಲಿ ಗೂಬೆ ತೆರೆದು ಸ್ವಲ್ಪ ನೋಡಿ ನಿಲ್ಲಿಸುತ್ತಾಳೆ. ಬೆಳಿಗ್ಗೆ ಅವನು ತನ್ನ ಕೋಣೆಯಲ್ಲಿ ಫೋನಿನಲ್ಲಿ ಅದೇ ಗೂಬೆ ತೆರೆದು, ಹಿಂದಕ್ಕೆ ಹೋಗಿ, ಅವಳು ನೋಡಿದಷ್ಟನ್ನೇ ನೋಡುತ್ತಾನೆ. ಆಮೇಲೆ ಒಂದು ನಿಮಿಷ ಮಾತ್ರ ಮುಂದೆ ತಳ್ಳಿ ಬಿಡುತ್ತಾನೆ. ಅಕ್ಕ 0:48ಕ್ಕೆ ನಿಲ್ಲಿಸಿದ್ದರೆ ಮರುಸಂಜೆ ಅದು 0:49ರಲ್ಲಿ ನಿಂತಿರುತ್ತದೆ.

“ಅಂದ್ರೆ ಬಂದಿದ್ದೆ ಅಂತ ಅರ್ಥ” ಅಂದಳು ಅಕ್ಕ. ಸಿನಿಮಾದ ಕೆಳಗೆ, ಎಷ್ಟು ನೋಡಿಯಾಯಿತೆಂದು ತೋರಿಸುವ ಕೆಂಪು ಗೆರೆಯನ್ನು ಬೆರಳಿನಿಂದ ಮುಟ್ಟಿ ತೋರಿಸಿದಳು. ಸಾವಿರಾರು ಎದೆಗೂಡುಗಳ ನೆರಳು ನೋಡಿದವಳು ಈ ಬೆರಳುದ್ದದ ಗೆರೆ ನೋಡಿ ಕೆಂಪಗಾದಳು.

ಒಂದು ನಿಮಿಷ. ನಾನು ಏಳು ವರ್ಷ ಓದಿದ್ದೇನೆ.

ಮಾರ್ಚ್ 18, ಮಂಗಳವಾರ

ಒಂದು ವಾರದ್ದು ಇಲ್ಲಿ ಏನೂ ಉಳಿದಿಲ್ಲ. ಬರೆದದ್ದನ್ನೆಲ್ಲ ಹರಿದೆ.

ಇವತ್ತು ಅವಳು ಫೋನಿನಲ್ಲಿ ಮಾತಾಡುವುದು ಕೇಳಿಸಿತು. ಕದ್ದು ಕೇಳಿಸಿಕೊಂಡೆ — ಸರಿ, ಹಾಗೇ ಬರೆಯುತ್ತೇನೆ. ಲಿಫ್ಟ್ ಎರಡು ಕೋಣೆಯ ಮನೆ ನೋಡಿದ್ದಾನೆ, ಊರಿನ ಆ ತುದಿಯಲ್ಲಿ. ಮದುವೆಯಾಗೋಣ, ಬಾ ಅನ್ನುತ್ತಿದ್ದಾನೆ.

ಅಕ್ಕ ಅಂದಳು — “ಅವಸರ ಮಾಡ್ಬೇಡಿ. ಈ ಸಿನಿಮಾ ಮುಗೀಲಿ. ಮುಗಿದ ದಿನ ಹೇಳ್ತೀನಿ. ಆದ್ರೆ ಕೊನೇ ತುಂಡು ಒಟ್ಟಿಗೇ ನೋಡ್ಬೇಕು, ಕಳ್ಳಾಟ ಇಲ್ಲ.”

ಅವನು ಏನೋ ಅಂದ. ಅವಳು ನಕ್ಕಳು. ಆಮೇಲೆ ಮೆಲ್ಲಗೆ — “ಅವಳಿಗೆ ನಾನೇ ಹೇಳ್ಬೇಕು. ಅದೇ ಯೋಚ್ನೆ.”

ಅವಳು ಅಂದರೆ ನಾನು. ಯೋಚನೆಯೂ ನಾನೇ.

ಮಾರ್ಚ್ 20, ಗುರುವಾರ. ಮಧ್ಯಾಹ್ನ 3:10

ಪ್ರೆಸ್ಸಿನಲ್ಲಿ ಕರೆಂಟ್ ಇಲ್ಲ, ಅರ್ಧ ದಿನ ರಜೆ. ಅಪ್ಪ ಕುರ್ಚಿಯಲ್ಲಿ, ಮುಖದ ಮೇಲೆ ಪೇಪರು, ಗೊರಕೆ.

ಡಬ್ಬಿ ಹಾಕಿದೆ. ನಾಲ್ಕು ಚಿತ್ರ ಬಂದವು. ನನ್ನ ಖಾಲಿ ಹಾಳೆ ತೆರೆಯಲಿಲ್ಲ. ತೆರೆದರೆ ಸೋತಂತೆ, ಅವನ ಮಾತು ಗೆದ್ದಂತೆ. ಗೂಬೆ ಒತ್ತಿದೆ. ಗೆರೆ 1:07ರಲ್ಲಿತ್ತು. ನಿನ್ನೆ ಅಕ್ಕ ನಿಲ್ಲಿಸಿದ ಜಾಗ. 1:08 ಆಗಿಲ್ಲ. ಅವನು ಬಂದಿಲ್ಲ! ಎದೆಯಲ್ಲಿ ಏನೋ ಕುಣಿಯಿತು. ಉಳಿದದ್ದು ಮೂವತ್ತೊಂಬತ್ತು ನಿಮಿಷ. ಅಕ್ಕ ಹೋಗುವುದಕ್ಕೆ ಮೂವತ್ತೊಂಬತ್ತು ನಿಮಿಷ.

ಅದರಲ್ಲಿ ಅಂಥದ್ದೇನಿದೆ, ಒಂದು ನಿಮಿಷ ನೋಡೋಣ ಅಂದುಕೊಂಡೆ.

ಅದೇ ದಿನ, 4:00

ಕೊನೆಯವರೆಗೂ ನೋಡಿದೆ.

ನದಿ ದಾಟಿಸುವ ದೋಣಿಯವಳು. ಸೇತುವೆ ಕಟ್ಟುತ್ತಿದ್ದಾರೆ, ಮುಗಿದರೆ ಅವಳ ಕಸುಬು ಹೋಗುತ್ತದೆ. ಆದರೂ ಕಟ್ಟುವವರನ್ನು ದಿನವೂ ಅವಳೇ ದಾಟಿಸಬೇಕು. ಕೊನೆಗೆ ದೋಣಿಯ ಹುಟ್ಟನ್ನು ಹೆಗಲ ಮೇಲೆ ಹೊತ್ತುಕೊಂಡು ಹೊಸ ಸೇತುವೆಯ ಮೇಲೆ ಒಬ್ಬಳೇ ನಡೆದು ಹೋಗುತ್ತಾಳೆ. ಮಾತಿಲ್ಲ, ಸಂಗೀತವಿಲ್ಲ, ಹೆಜ್ಜೆ ಸದ್ದು ಮಾತ್ರ. ದುಡಿಮೆಯ ಬಗ್ಗೆ ನನ್ನ ಯಾವ ಹೊತ್ತಿಗೆಯೂ ಇಷ್ಟು ಚೆನ್ನಾಗಿ ಹೇಳಿಲ್ಲ. ಅತ್ತೆ. ಅವನ ಡಬ್ಬಿಯ ಮುಂದೆ ಕೂತು ಅತ್ತೆ!

ಹೆಸರುಗಳ ಪಟ್ಟಿ ಬಂತು. ಆಮೇಲೆ ನೋಡಿದರೆ “ಮುಂದುವರಿಸಿ” ಸಾಲಿನಲ್ಲಿ ದೋಣಿ ಇಲ್ಲ. ಮುಗಿದದ್ದನ್ನು ಡಬ್ಬಿ ತಾನೇ ತೆಗೆದುಬಿಡುತ್ತದೆ. ಗೂಬೆಯನ್ನು ತೆರೆಯುವವರು ಇಬ್ಬರೇ. ಅಕ್ಕನಲ್ಲದಿದ್ದರೆ ಅವನೇ.

ಹುಡುಕಿ, ತೆರೆದು, 1:07ಕ್ಕೆ ಎಳೆದು ಬಿಟ್ಟಿದ್ದರೆ ಆಗುತ್ತಿತ್ತು. ಹತ್ತು ಸೆಕೆಂಡಿನ ಕೆಲಸ. ಹೆಬ್ಬೆರಳು ಬಟನ್ ಮೇಲೇ ಇತ್ತು.

ಕಂಟ್ರೋಲರ್ ಕೆಳಗಿಟ್ಟೆ.

ಅದೇ ದಿನ, ಸಂಜೆ 7:15

ಅಕ್ಕ ನೋಡಿದಳು. ಸಾಲನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಸರಿಸಿದಳು.

“ಮುಗಿಸ್ಬಿಟ್ರು” ಅಂದಳು. ಯಾರಿಗೂ ಹೇಳಿದ್ದಲ್ಲ.

ಫೋನ್ ಮಾಡಿದಳು. ಸ್ವಿಚ್ ಆಫ್. ಇನ್ನೊಮ್ಮೆ ಮಾಡಲಿಲ್ಲ. “ಉತ್ತರ ಬೇಡ ಅಂತ ಹೀಗೆ ಹೇಳಿದ್ರು ಅನ್ಸುತ್ತೆ” — ಇದು ನನಗೆ. ಆಮೇಲೆ, “ಓದೇ. ಏನಾದ್ರೂ ಓದು.”

ಓದಿದೆ. “ಯಾರೂ ಯಾರ ಸ್ವತ್ತೂ ಅಲ್ಲ”, ಎರಡನೇ ಭಾಗ. ನೀರು ತಣ್ಣಗಾದರೂ ಅವಳು ಕಾಲು ತೆಗೆಯಲಿಲ್ಲ. ನನಗೆ ಬೇಕಾದದ್ದೆಲ್ಲ ಸಿಕ್ಕಿತ್ತು — ಅಕ್ಕ, ಬಕೆಟ್ಟು, ಹೊತ್ತಿಗೆ. ಅಕ್ಷರ ಕಾಣದೆ ಎರಡು ಸಾಲು ಬಿಟ್ಟು ಓದಿದೆ. ಅವಳಿಗೆ ಗೊತ್ತಾಗಲಿಲ್ಲ.

ಮಾರ್ಚ್ 21, ಶುಕ್ರವಾರ. ಸಂಜೆ 6:45

ಐದು ಗಂಟೆಗೆ ಲಿಫ್ಟ್ ಬಂದಿದ್ದ. ಅಕ್ಕ ಆಗಿನ್ನೂ ಆಸ್ಪತ್ರೆಯಲ್ಲಿ, ಅಪ್ಪ ಹೊರಗೆ. ಒಳಗೆ ಕರೆಯಲಿಲ್ಲ.

“ಫೋನ್ ಬುಧವಾರ ಲಿಫ್ಟ್ ಗುಂಡಿಗೆ ಬಿತ್ತು, ಐದನೇ ಮಹಡಿಯಿಂದ. ಚಿಂದಿ. ನಂಬರ್ ಒಂದೂ ಬಾಯಲ್ಲಿಲ್ಲ ನೋಡಿ, ಎಂಥಾ ಬಾಳು! ನಿನ್ನೆಯಿಂದ ನಾಳೆವರೆಗೂ ಊರಾಚೆ ಗೋದಾಮಲ್ಲಿ ಕೆಲ್ಸ, ಆಸ್ಪತ್ರೆ ಕಡೆ ಹೋಗಕ್ಕಾಗಲ್ಲ, ಭಾನುವಾರ ಬರ್ತೀನಿ. ನಿಮ್ಮಕ್ಕನಿಗೆ ಇಷ್ಟು ಹೇಳ್ಬಿಡಿ ಕರಪತ್ರ. ಗೆರೆ ಅಲ್ಲೇ ಇರ್ಲಿ, ನಾನು ಹಿಂದೆ ಬಿದ್ದಿದ್ದೀನಿ ಅಂತ.”

“ಹೇಳ್ತೀನಿ” ಅಂದೆ.

ಅಕ್ಕ ಆರಕ್ಕೆ ಬಂದಳು. ಈಗ ಆರೂಮುಕ್ಕಾಲು. ಹೇಳಿಲ್ಲ.

ಮಾರ್ಚ್ 22, ಶನಿವಾರ

ಹೇಳಿಲ್ಲ.

ಮಾರ್ಚ್ 23, ಭಾನುವಾರ. ಬೆಳಿಗ್ಗೆ 11:00

ಬಂದ. ಅಕ್ಕ ಬಾಗಿಲಿಗೆ ಅಡ್ಡ ನಿಂತೇ ಮಾತಾಡಿದಳು. “ಸಿನಿಮಾ ಚೆನ್ನಾಗಿತ್ತಾ? ಒಬ್ರೇ ಮುಗಿಸಿದ್ರಲ್ಲ.”

ಅವನಿಗೆ ಅರ್ಥವಾಗಲಿಲ್ಲ. ಪ್ಲಾಸ್ಟಿಕ್ ಚೀಲದಿಂದ ಫೋನ್ ತೆಗೆದು ಅವಳ ಅಂಗೈಗೆ ಸುರಿದ. ಗಾಜು, ಒಂದು ಮೂಲೆ, ಬ್ಯಾಟರಿ. “ಇದ್ರಲ್ಲಿ ನೋಡ್ಲಾ? ಬುಧವಾರದಿಂದ ಇದು ಹೀಗಿದೆ. ಶುಕ್ರವಾರಾನೇ ಬಂದು—”

ನನ್ನ ಮುಖ ನೋಡಿದ. ಏನು ಕಂಡಿತೋ.

“—ಬರ್ಬೇಕು ಅಂದ್ಕೊಂಡೆ, ಆಗ್ಲಿಲ್ಲ” ಎಂದು ಮುಗಿಸಿದ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ಕೆಟ್ಟತನವನ್ನೂ ತನ್ನ ಚೀಲಕ್ಕೆ ಹಾಕಿಕೊಂಡ. ಇವನ ಒಳ್ಳೆಯತನದ ಮೇಲೂ ನನಗೆ ಹೊಟ್ಟೆಕಿಚ್ಚು. ಹೌದು, ಹೊಟ್ಟೆಕಿಚ್ಚು. ಬರೆದೆ.

“ಹಾಗಾದ್ರೆ ನೋಡಿದ್ದು ಯಾರು?” ಅಂದಳು ಅಕ್ಕ.

ಕುರ್ಚಿಯಿಂದ ಅಪ್ಪ — “ನಾನೇ ಕಣೇ. ಬಸ್ಸು ಒತ್ತಕ್ ಹೋಗಿ ಗೂಬೆ ಒತ್ಬಿಟ್ಟೆ. ಆ ದೋಣಿಯವಳು ಪಾಪ...”

“ಅಪ್ಪಾ! ಮೂರು ದಿನ ನನ್ನ ಹೊಟ್ಟೆ ಉರಿಸಿದ್ಯಲ್ಲೋ! ಕೊನೆ ಹೇಳ್ಬೇಡ, ಬಾಯಿ ಮುಚ್ಚು!” ಅಳುತ್ತಾ ನಗುತ್ತಾ ಅವನ ಭುಜಕ್ಕೆ ಹೊಡೆದಳು. ಗಾಜಿನ ಚೂರು ಇನ್ನೂ ಅವಳ ಇನ್ನೊಂದು ಅಂಗೈಯಲ್ಲೇ ಇತ್ತು. ಲಿಫ್ಟ್ ಒಂದೊಂದಾಗಿ ಆರಿಸಿ ತೆಗೆದ.

ಅಂದರೆ ಗುರುವಾರ ಅಪ್ಪ ಮಲಗಿರಲಿಲ್ಲ.

ಸಂಜೆ 5:40

ಅಕ್ಕ ಗೆರೆಯನ್ನು 1:07ಕ್ಕೆ ತಂದಿಟ್ಟಿದ್ದಾಳೆ. ಆರು ಗಂಟೆಗೆ ಶುರು. ಮುಗಿದ ಮೇಲೆ ಅವಳ ಉತ್ತರ. ಏನು ಉತ್ತರ ಎಂದು ಅವಳ ಮುಖದಲ್ಲೇ ಇದೆ.

ಅಪ್ಪ ನನ್ನ ಕೋಣೆಗೆ ಬಂದ. ಮಂಚದ ತುದಿಯಲ್ಲಿ ಕೂತ.

“ಮೂವತ್ತು ವರ್ಷದಲ್ಲಿ ಟಿಕೆಟ್ ತಗೊಳ್ದೆ ಕೂತವರನ್ನ ಮುಖ ನೋಡೇ ಹೇಳ್ತಿದ್ದೆ. ಕಿಟಕಿ ಆಚೆ ಭಾರಿ ಆಸಕ್ತಿ ಇರುತ್ತೆ ಅವರಿಗೆ.”

ನಾನು ಕಿಟಕಿಯ ಆಚೆ ನೋಡುತ್ತಿದ್ದೆ.

“ನಾನು ಇವತ್ತು ನಿನ್ನ ಪರವಾಗಿ ಸೀಟಿ ಊದಿದ್ದೀನಿ. ಅದು ಮುಂದಿನ ಸ್ಟಾಪ್‌ವರೆಗೆ ಮಾತ್ರ. ಟಿಕೆಟ್ ನೀನೇ ತಗೋಬೇಕು ಮಗಳೇ.”

“ಹೇಳಿದ್ರೆ ಅವಳು ನನ್ನ ಮುಖ ನೋಡಲ್ಲ ಅಪ್ಪ.”

“ಹೇಳ್ದಿದ್ರೆ ನೀನು ಅವಳ ಮುಖ ನೋಡಲ್ಲ” ಅಂದ. ಎದ್ದು ಹೋದ. ಸ್ವಲ್ಪ ಹೊತ್ತಿಗೆ ಬಕೆಟ್ಟಿಗೆ ನೀರು ತುಂಬಿಸುವ ಸದ್ದು. ಇವತ್ತು ನೀರು ಅವನೇ ಕಾಯಿಸುತ್ತಿದ್ದಾನೆ.

ಹೇಳಿದರೆ ಅವಳು ಇನ್ನೂ ಬೇಗ ಹೋಗುತ್ತಾಳೆ. ಅಥವಾ ನನ್ನ ಮೇಲಿನ ಕರುಣೆಯಿಂದ ಉಳಿದುಬಿಡುತ್ತಾಳೆ... ಅದನ್ನು ನಾನು ಒಳಗೊಳಗೇ ಬಯಸುತ್ತೇನೆ. ಅದನ್ನೂ ಹೇಳಬೇಕೇ? ಅದನ್ನೂ ಹೇಳಬೇಕು. ಶುಕ್ರವಾರದ್ದನ್ನೂ.

5:55. ಹೊರಗಿನಿಂದ ಅಕ್ಕನ ದನಿ. “ಬಾರೇ! ನಿನ್ನ ಚಾಪೆ ಹಾಕಿದ್ದೀನಿ, ನನ್ನ ಪಕ್ಕಕ್ಕೇ. ನೀನಿಲ್ದೆ ಒತ್ತಲ್ಲ.”

ಲಿಫ್ಟ್ ಏನೋ ಅಂದ, ಅಪ್ಪ ನಕ್ಕ.

ಮೊದಲ ವಾಕ್ಯ ಇಲ್ಲಿ ಬರೆದುಕೊಂಡು ಹೋಗುತ್ತೇನೆ, ಇಲ್ಲದಿದ್ದರೆ ನಾಲಿಗೆ ಏಳುವುದಿಲ್ಲ. ಸುತ್ತುಬಳಸು ಬೇಡ. ತತ್ವ ಬೇಡ. ಅಕ್ಕಾ, ಒತ್ತಬೇಡ, ಒಂದು ನಿಮಿಷ. ಗುರುವಾರ ಮಧ್ಯಾಹ್ನ ಗೂಬೆ ತೆರೆದದ್ದು ಅಪ್ಪ ಅಲ್ಲ, ಅದು ನಾ—