ಹಾಲ್ಡರ್ಬಿಯ ಎರಡನೇ ಗೋಲ್‌ಕೀಪರ್

ಮಾರ್ಚ್ 12, ಮಂಗಳವಾರ
ಮತ್ತೆ ಬೆಂಚು. ಪಂದ್ಯಕ್ಕೆ ಮುಂಚೆ ಮೊದಲ ಕೀಪರ್ ರೋರಿಗೆ ಚೆಂಡು ಒದ್ದು ಕೈ ಪಳಗಿಸಿದೆ, ಆಮೇಲೆ ಕೋಟು ಹೊದ್ದು ಕೂತೆ. ಹತ್ತೊಂಬತ್ತು ವರ್ಷ, ಆರು ಕ್ಲಬ್ಬು. ಮೂವತ್ತೇಳನೇ ವಯಸ್ಸಿಗೆ ನಾಲ್ಕನೇ ಡಿವಿಷನ್ನಿನ ಹಾಲ್ಡರ್ಬಿ ಟೌನಿಗೆ ಎರಡನೇ ಗೋಲ್‌ಕೀಪರ್. ಈ ಸೀಸನ್ನಿನಲ್ಲಿ ಆಡಿದ್ದು ಸೊನ್ನೆ. ರೋರಿ ನನಗಿಂತ ಒಳ್ಳೆಯ ಕೀಪರ್, ಒಪ್ಪಲೇಬೇಕು.
2-0 ಗೆದ್ದೆವು. ಮೂರನೇ ಸ್ಥಾನ. ಮೊದಲ ಮೂರು ತಂಡಗಳು ನೇರ ಮೇಲಿನ ಡಿವಿಷನ್ನಿಗೆ. ನಾನು ಯಾವ ಕ್ಲಬ್ಬಿನಲ್ಲೂ ಒಮ್ಮೆಯೂ ಹಾಗೆ ಮೇಲೆ ಹೋದವನಲ್ಲ.

ಮಾರ್ಚ್ 16, ಶನಿವಾರ
ಅರವತ್ತನೇ ನಿಮಿಷ. ರೋರಿಯ ಕಾಲು ಉಳುಕಿತು. ಅವನ ಚೀರಾಟ ಬೆಂಚಿನವರೆಗೂ ಕೇಳಿಸಿತು. ಮ್ಯಾನೇಜರ್ ಮಕ್ರೀಡಿ ತಿರುಗಿ ನೋಡಿದರು.
"ಹೆಸ್ಕೆತ್, ಕೋಟು ಬಿಚ್ಚಯ್ಯ. ಎಷ್ಟೊತ್ತು ಬೆಚ್ಚಗಿರ್ತೀಯ?"
1-1. ರೋರಿಗೆ ಆರು ವಾರ ವಿಶ್ರಾಂತಿ. ಇನ್ನು ಏಳು ಪಂದ್ಯ — ನನ್ನವು.

ಏಪ್ರಿಲ್ 1, ಈಸ್ಟರ್ ಸೋಮವಾರ
ಮೂವತ್ತು ಗಜದಿಂದ ಬಂದ ಸಪ್ಪೆ ಹೊಡೆತ. ಒದ್ದೆ ನೆಲದಲ್ಲಿ ಒಮ್ಮೆ ಪುಟಿದು ಬಂತು. ಕೈಯೊಳಗಿಂದ ಜಾರಿ, ಕಾಲ ನಡುವೆ ನುಸುಳಿ ಒಳಗೆ. 0-1. ನಾಲ್ಕನೇ ಸ್ಥಾನಕ್ಕೆ ಇಳಿದೆವು.
ಗೋಲಿನ ಹಿಂದೆ ನಮ್ಮವರೇ — "ತಾತಂಗೆ ಕನ್ನಡಕ ಕೊಡಿಸ್ರೋ!"
ಲೋರ್ನಾ ಬಸ್ ಓಡಿಸಿ ಆರಕ್ಕೆ ಮನೆಗೆ ಬಂದಳು. "ನನ್ನ ಬಸ್ಸಲ್ಲೂ ಒಬ್ಬ ನಿನ್ನ ಆಡ್ಕೊಳ್ತಿದ್ದ. ಕೆಳಗಿಳಿಸ್ದೆ."
"ಟಿಕೆಟ್ ತಗೊಂಡಿದ್ನೇನೆ?"
"ಹೂಂ. ಅದಕ್ಕೇ ಅವನ ಸ್ಟಾಪಲ್ಲೇ ಇಳಿಸ್ದೆ."
ಕಟ್ಟಿಕೊಂಡವಳ ಮುಂದೆ ಮುಖ ಗಂಟಿಕ್ಕಿ ಕೂರಲೂ ಆಗಲಿಲ್ಲ.

ಏಪ್ರಿಲ್ 2
ಬೆಳಿಗ್ಗೆ ಏಳಕ್ಕೆ ಒಬ್ಬನೇ ಮೈದಾನಕ್ಕೆ. ಒಬ್ಬನೇ ಅಂದುಕೊಂಡಿದ್ದೆ. ರೋರಿ ಊರುಗೋಲು ಹಿಡಿದು ಬಂದ. ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತು, ಚೆಂಡುಗಳನ್ನು ಕೈಯಲ್ಲೇ ಎಸೆದ. ಎಲ್ಲವೂ ಒದ್ದೆ ನೆಲದಲ್ಲಿ ಪುಟಿದು ಬರುವಂತೆ. ಇನ್ನೂರು ಹಿಡಿದೆ. ಸಾಕೆಂದ. ಇನ್ನೈವತ್ತು ಎಸೆ ಅಂದೆ.

ಏಪ್ರಿಲ್ 20, ಶನಿವಾರ
ಸತತ ಮೂರನೇ ಗೆಲುವು! ಮತ್ತೆ ಮೂರನೇ ಸ್ಥಾನ. ನಮ್ಮ ಹಿಂದೆ ಒಂದೇ ಪಾಯಿಂಟ್ ಅಂತರದಲ್ಲಿ ವೆನ್‌ಬರೋ. ಕೊನೆಯ ಪಂದ್ಯ ಅವರೊಂದಿಗೇ, ನಮ್ಮ ಮೈದಾನದಲ್ಲೇ. ಡ್ರಾ ಆದರೆ ಸಾಕು, ನಾವು ಮೇಲೆ. ಸೋತರೆ ಅವರು.
ಇವತ್ತು ಕೊನೆಗಳಿಗೆಯಲ್ಲಿ ಯಾರದೋ ಬೂಟು ನನ್ನ ಬಲಗೈ ತುಳಿಯಿತು. ಉಂಗುರದ ಬೆರಳು ಬಾತಿದೆ. ಯಾರಿಗೂ ಹೇಳಿಲ್ಲ.

ಏಪ್ರಿಲ್ 23, ಮಂಗಳವಾರ
ರೋರಿಯ ಕಣ್ಣು ತಪ್ಪಿಸಲಾಗಲಿಲ್ಲ.
"ಕೈ ತೋರ್ಸು."
"ಏನಿಲ್ಲ ಕಣೋ."
"ಬಾಸ್‌ಗೆ ನೀನ್ ಹೇಳ್ತೀಯೋ, ನಾನ್ ಹೇಳ್ಲೋ? ನಂಗೂ ಶನಿವಾರ ಆಡೋ ಆಸೆ ಇದೆ, ಸುಳ್ಯಾಕೆ. ಆದ್ರೆ ನೀನು ಮುಚ್ಚಿಟ್ಟು ಆಡಿ, ಸೋತ್ರೆ? ಊರಲ್ಲಿ ತಲೆ ಎತ್ಕೊಂಡ್ ಓಡಾಡ್ತೀಯ?"
ಮೈ ಉರಿಯಿತು. ಹೋಗಿ ಹೇಳಿದೆ. ಮಕ್ರೀಡಿ ಬೈಯಲಿಲ್ಲ. ಚೆಂಡಿನ ಚೀಲ ಹೆಗಲಿಗೇರಿಸಿ ಕಾರು ನಿಲ್ಲಿಸುವ ಜಾಗಕ್ಕೆ ಕರೆದೊಯ್ದರು. ಹತ್ತಡಿ ದೂರದಿಂದ ಬೀಸಿ ಬೀಸಿ ಎಸೆದರು. ಪ್ರತಿ ಚೆಂಡಿಗೂ ನೋವು ಮೊಣಕೈವರೆಗೆ. ಹಲ್ಲು ಕಚ್ಚಿದೆ. ಮೂವತ್ತರಲ್ಲಿ ಒಂದು ಕೈಜಾರಿತು.
"ಮೂವತ್ತಕ್ಕೆ ಒಂದು. ರೋರಿ ಇನ್ನೂ ಕುಂಟ್ತಾನೆ, ಅವನಾದ್ರೆ ಹತ್ತು ಬಿಡ್ತಾನೆ. ಶನಿವಾರ ನೀನೇ ಕಣಯ್ಯ. ಇನ್ಮೇಲೆ ನನ್ನತ್ರ ಏನಾದ್ರೂ ಮುಚ್ಚಿಟ್ಯೋ, ಉಳಿದ ಬೆರಳೂ ನಾನೇ ಮುರೀತೀನಿ."

ಏಪ್ರಿಲ್ 27, ಬೆಳಿಗ್ಗೆ 9
ಓಟ್ಸ್ ಗಂಜಿ ಅರ್ಧಕ್ಕೇ ಬಿಟ್ಟೆ. ಎರಡು ಬೆರಳು ಸೇರಿಸಿ ಪಟ್ಟಿ ಕಟ್ಟಿದೆ. ಹೊರಟೆ.

ಏಪ್ರಿಲ್ 28, ಭಾನುವಾರ
ಎಡಗೈ ಬರಹ. ಬಲಗೈಗೆ ಪ್ಲಾಸ್ಟರ್.
ಹನ್ನೆರಡನೇ ನಿಮಿಷಕ್ಕೇ ಅವರ ಗೋಲು. ನನ್ನ ತಪ್ಪಲ್ಲ, ಆದರೂ ಚುಚ್ಚಿತು. ಎಪ್ಪತ್ತಕ್ಕೆ ನಮ್ಮ ಕ್ಯಾಪ್ಟನ್ ಡೈಯರ್ ತಲೆಯಿಂದ ಚೆಂಡು ಗುದ್ದಿ ಸಮ ಮಾಡಿದ. ಆಮೇಲಿನ ಇಪ್ಪತ್ತು ನಿಮಿಷ... ವರ್ಷವೇ ಅನ್ನಿಸಿತು. ಕೊನೆಗೆ ಅವರಿಗೊಂದು ಕಾರ್ನರ್ ಕಿಕ್, ಚೆಂಡು ಗೋಲಿನ ಮುಂದಕ್ಕೇ ಬಂತು. ಹಿಡಿಯಲು ಜಾಗವಿಲ್ಲ, ಅಷ್ಟು ಜನ. ಬಲಗೈ ಮುಷ್ಟಿಯಿಂದಲೇ ಗುದ್ದಿದೆ. ಒಳಗೆ ಏನೋ ಲಟಕ್ಕೆಂದಿತು. ಚೆಂಡು ಅವರವನ ಕಾಲಿಗೇ ಬಿತ್ತು. ಒದ್ದ. ಎದೆಗೆ ಬಡಿಯಿತು. ಅಪ್ಪಿಕೊಂಡು ಮಕಾಡೆ ಬಿದ್ದೆ.
ರೆಫರಿ ಕೊನೆಯ ಶಿಳ್ಳೆ ಊದಿದರೂ ನಾನು ಚೆಂಡು ಬಿಡಲಿಲ್ಲವಂತೆ. ರೋರಿ ಕುಂಟುತ್ತ ಬಂದು ಚೆಂಡು ಬಿಡಿಸಿದ. "ಮುಗೀತು ಕಣೋ! ಹೋದ್ವಿ ಮೇಲಕ್ಕೆ!" ಅಳುತ್ತಿದ್ದ, ಕತ್ತೆ. ನಾನೂ.
ಈಗ ಬೆಳಿಗ್ಗೆ ಹನ್ನೊಂದು ಗಂಟೆ. ಮಕ್ರೀಡಿ ಚಹಾಕ್ಕೆ ಬಂದು ಹೋದರು. ಇನ್ನೊಂದು ವರ್ಷ ಇರ್ತೀಯಾ, ಎರಡನೇ ಕೀಪರಾಗಿ, ಅಂದರು.
"ಎರಡನೆಯವನಾಗಿ ಅಂದ್ರೆ ಇಲ್ಲ ಬಾಸ್. ರೋರಿ ಜೊತೆ ಪೈಪೋಟಿಗೆ ಅಂದ್ರೆ ಹೂಂ."
"ಅವನು ನಿನ್ನ ಹುರಿದು ಮುಕ್ತಾನೆ."
"ಮುಕ್ಲಿ ನೋಡೋಣ."
ನಕ್ಕು ಕೈಕುಲುಕಿದರು, ಎಡಗೈ. ಜೂನ್ ಕೊನೆಗೆ ತರಬೇತಿ ಶುರು. ಪ್ಲಾಸ್ಟರ್ ಆರು ವಾರ. ಕೈಗೆ ತಾನೇ, ಕಾಲಿಗಲ್ಲವಲ್ಲ. ಓಡಬಹುದು. ರಾತ್ರಿಯಿಂದ ಸುರಿದ ಮಳೆಯೂ ನಿಂತಿದೆ. ಲೋರ್ನಾ ನನ್ನ ಓಟದ ಶೂ ಎಲ್ಲಿಟ್ಟಿದ್ದಾಳೋ —