ಕಿಟಕಿಯಿಂದ ಹೊರಬಂದ ದೋಣಿ

ಮಾರ್ಚ್ ೪, ಬೆಳಿಗ್ಗೆ

ನಿನ್ನೆ ಮೂರು ದೋಣಿ ಅಳೆದೆ. ಮೂರೂ ಸರಿ ಇವೆ. ಟೇಪು ಹಿಡಿದು ಹಿಡಿದು ಬೆನ್ನು ಬಿದ್ದುಹೋಗಿದೆ. ಕ್ಲಬ್ಬಿನ ಶೆಡ್ಡಿನಲ್ಲಿ ಸಿಮೆಂಟ್ ನೆಲ, ಮೊಣಕಾಲೂರಿದರೆ ಎಬ್ಬಿಸುವುದಕ್ಕೆ ಜನ ಬೇಕು. ಮೇಷ್ಟರ ಕೆಲಸದಿಂದ ರಿಟೈರ್ ಆದಮೇಲೆ ಹಾಯಾಗಿ ಕಾಲು ಚಾಚಿಕೊಂಡು ಇರಬೇಕಾದವನು. ಅಳತೆಗಾರನಾಗು ಎಂಬ ಅಕ್ಕನ ಮಾತಿಗೆ ಹೂಂ ಅಂದದ್ದೇ ತಪ್ಪಾಯಿತು.

ಅಕ್ಕನ ಮಗಳ ಫೋನು. ಅವಳು ನಮ್ಮ ‘ಗುಬ್ಬಿ’ ಕ್ಲಾಸಿನ, ಅಂದರೆ ಒಂದೇ ನಕ್ಷೆಯ ಹಾಯಿದೋಣಿಗಳ ಬಳಗದ, ಸೆಕ್ರೆಟರಿ. ಗದರುವುದು ಅವಳಿಗೆ ತಾಯಿಯಿಂದ ಬಂದ ಆಸ್ತಿ.

“ಮಾವ, ಈ ಸಲ ಒಂಚೂರು ಹೆಚ್ಚುಕಮ್ಮಿ ಆದ್ರೂ ಆ ಜಾಗತಿಕ ಹಾಯಿದೋಣಿ ಸಂಸ್ಥೆಯೋರು ಬಿಡಲ್ಲ. ಎರಡು ಸಲ ನಮ್ಮ ಅರ್ಜಿ ವಾಪಸ್ ಕಳಿಸಿದಾರೆ. ಇನ್ನೊಂದು ಸಲ ಹಾಗಾದ್ರೆ ನಮ್ಮ ಕಥೆ ಮುಗೀತು.”

ನಿಜ. ವರ್ಷ ವರ್ಷಕ್ಕೂ ಜನ ಬೇರೆ ದೋಣಿ ಕೊಳ್ಳುತ್ತಿದ್ದಾರೆ. ವಿಶ್ವ ಚಾಂಪಿಯನ್‌ಷಿಪ್ ಇಲ್ಲದ ರೇಸು ಯಾರಿಗೆ ಬೇಕು? ಆ ಹೆಸರಿಟ್ಟು ರೇಸು ನಡೆಸಬೇಕಾದರೆ ಮೊದಲು ಇಂಟರ್‌ನ್ಯಾಷನಲ್ ಕ್ಲಾಸ್ ಆಗಬೇಕು.

ಮಾರ್ಚ್ ೬

ಪಕ್ಕದ ಮನೆಯಾತ ಕೇಳಿದ — “ಅದೇನ್ ಸಾರ್, ದೋಣೀಗೂ ಪಾಸ್‌ಪೋರ್ಟಾ?”

ಹೆಚ್ಚುಕಡಿಮೆ ಹಾಗೇ ಅಂದೆ. ಸಾಕಷ್ಟು ದೇಶಗಳಲ್ಲಿ, ಒಂದಕ್ಕಿಂತ ಹೆಚ್ಚು ಖಂಡಗಳಲ್ಲಿ ನಮ್ಮ ದೋಣಿ ಓಡುತ್ತಿರಬೇಕು. ಅದಾಗಿದೆ. ನಿಯಮಗಳ ಪುಸ್ತಕ ಇರಬೇಕು. ಅಕ್ಕ ಬರೆದಿದ್ದಾಳೆ. ಎಲ್ಲಿ ಕಟ್ಟಿದರೂ, ಯಾರು ಕಟ್ಟಿದರೂ ದೋಣಿ ಒಂದೇ ಥರ ಇರಬೇಕು, ಏಕೆಂದರೆ ಗೆದ್ದರೆ ಆಳು ಗೆಲ್ಲಬೇಕು, ದೋಣಿಯಲ್ಲ. ಆಮೇಲೆ ಅವರ ಪರೀಕ್ಷಕ ಬಂದು ನೋಡಬೇಕು, ವರ್ಷಕ್ಕೊಮ್ಮೆ ಸೇರುವ ದೊಡ್ಡ ಸಭೆ ಕೈಯೆತ್ತಬೇಕು.

ಆತ ಬಾಯಿ ಬಿಟ್ಟುಕೊಂಡು ಕೇಳಿಸಿಕೊಂಡ. “ನನ್ನ ಮಗಳ ಮದುವೇನೇ ವಾಸಿ ಬಿಡಿ ಸಾರ್.”

ಮಾರ್ಚ್ ೧೫

ಪರೀಕ್ಷಕ ಬಂದ. ಒಣಕಲು ಮನುಷ್ಯ, ಮಾತೂ ಅಳೆದು ಸುರಿದಂತೆ. ಶೆಡ್ಡಿನಲ್ಲಿದ್ದ ದೋಣಿಗಳನ್ನೆಲ್ಲ ಮುಟ್ಟಿ ನೋಡಿದ, ನನ್ನ ಅಳತೆಗಳಲ್ಲಿ ಕೆಲವನ್ನು ತಾನೇ ಮತ್ತೆ ತೆಗೆದ. ಒಂದೂ ತಪ್ಪಿಲ್ಲ. ನಾನು ಒಳಗೊಳಗೇ ಉಬ್ಬಿದೆ. ಅಷ್ಟರಲ್ಲಿ ನಿಯಮದ ಪುಸ್ತಕ ಮುಚ್ಚಿ, ಮುಖಪುಟದ ಮೇಲಿನ ಫೋಟೋಗೆ ಬೆರಳಿಟ್ಟ.

“ಈ ಕೆಂಪು ಹಾಯಿಯ ದೋಣಿ ಎಲ್ಲಿದೆ?”

ಅಕ್ಕನಿಗೆ ಖುಷಿಯೋ ಖುಷಿ. “ನನ್ನ ಹತ್ರಾನೇ ಇದೆ. ಒಂದನೇ ನಂಬರು! ಈಗಲೂ ರೇಸಿಗೆ ನಾನೇ ಓಡಿಸ್ತೀನಿ.”

“ಹಾಗಾದ್ರೆ ಅದನ್ನೂ ಅಳೀಬೇಕಲ್ವಾ?”

ಅಕ್ಕನ ಮುಖ ನೋಡಿದೆ. ಅವಳು ನನ್ನ ಮುಖ ನೋಡಲಿಲ್ಲ.

ಮಾರ್ಚ್ ೧೫, ಸಂಜೆ

ಬರೆದಿಡಬೇಕು ಅನಿಸುತ್ತಿದೆ. ನಾವಿಬ್ಬರು ಹೋದಮೇಲೆ ಈ ಕಥೆ ಪೂರ್ತಿಯಾಗಿ ಯಾರಿಗೂ ಗೊತ್ತಿರುವುದಿಲ್ಲ.

ಆಗ ಅಕ್ಕ ಕಾಲೇಜು ಮುಗಿಸಿದ್ದಳು. ನಾನು ಹೈಸ್ಕೂಲು. ನಕ್ಷೆ ಅವಳದು, ಗರಗಸ ನನ್ನದು. ಊಟದ ಕೋಣೆಯಲ್ಲಿ ಮೇಜನ್ನು ಗೋಡೆಗೆ ತಳ್ಳಿ ದೋಣಿ ಕಟ್ಟಿದೆವು. ಚಳಿಗಾಲ ಪೂರ್ತಿ ಮನೆಮಂದಿಯೆಲ್ಲ ತಟ್ಟೆ ಹಿಡಿದು ಅಡುಗೆಮನೆಯಲ್ಲಿ ನಿಂತುಕೊಂಡೇ ಉಂಡರು. ಅಮ್ಮನ ಸೀರೆಗೆ ಅಂಟು, ಅನ್ನದಲ್ಲಿ ಹೊಟ್ಟು. ಎಂಥ ಸುಖದ ದಿನಗಳು! ಆ ಮರದ ಪುಡಿಯ ವಾಸನೆ ಬಂದರೆ ಇವತ್ತಿಗೂ ನನಗೆ ಹಸಿವಾಗುತ್ತದೆ.

ಕಟ್ಟಿ ಮುಗಿಸಿದ ಮೇಲೆ ನಮ್ಮ ಬುದ್ಧಿವಂತಿಕೆ ಬಯಲಾಯಿತು. ಬಾಗಿಲಾಚೆ ಇಕ್ಕಟ್ಟಾದ ತಿರುವು, ದೋಣಿ ತಿರುಗುವುದಿಲ್ಲ. ಉಳಿದದ್ದು ದೊಡ್ಡ ಕಿಟಕಿ. ನೆಟ್ಟಗೆ ಹಿಡಿದರೂ ಓರೆ ಹಿಡಿದರೂ ಎರಡು ಬೆರಳಷ್ಟು ಸಿಕ್ಕಿಕೊಳ್ಳುತ್ತದೆ. ಚೌಕಟ್ಟು ಕೀಳೋಣ ಅಂದೆ.

ಅಪ್ಪ ಪೇಪರಿನಿಂದ ತಲೆ ಎತ್ತದೆ ಹೇಳಿದರು — “ಗೋಡೆ ಮುಟ್ಟಿದ್ರೆ ಕೈ ಮುರೀತೀನಿ. ಬೇಕಾದ್ರೆ ದೋಣೀನೇ ಮುರ್ಕೊಳ್ಳಿ.”

ಅಕ್ಕ ರಾತ್ರಿಯೆಲ್ಲ ಯೋಚಿಸಿದಳು. ಬೆಳಿಗ್ಗೆ ದೋಣಿಯ ನಡುವಿನ ಅಡ್ಡಪಟ್ಟಿ ಬಿಚ್ಚಿಸಿದಳು. ಎರಡೂ ಮಗ್ಗುಲಿಗೆ ಹಗ್ಗ ಸುತ್ತಿ ಬಿಗಿದು, ದೋಣಿಯ ಹೊಟ್ಟೆ ಒಳಗೆಳೆಸಿದಳು. ಕಿಟಕಿಯಿಂದ ಜಾರಿಕೊಂಡು ಬಂತು. ಅಮ್ಮ ಚಪ್ಪಾಳೆ ತಟ್ಟಿದಳು. ಆದರೆ ಹಗ್ಗ ಬಿಚ್ಚಿದರೆ ಮರ ಹಿಂದಕ್ಕೆ ಹೋಗಲೊಲ್ಲದು, ಎಳೆದಲ್ಲೇ ನಿಂತಿತು. ಅಡ್ಡಪಟ್ಟಿಯನ್ನು ಎರಡು ಬೆರಳು ಕೊಯ್ದು ಕೂರಿಸಿದೆ. ಅಕ್ಕ ನೋಡಿ, “ಗುಬ್ಬಿ ಥರ ಆಯ್ತಲ್ಲೋ” ಅಂದಳು. ಹೆಸರು ಹುಟ್ಟಿದ್ದು ಹಾಗೆ.

ಎರಡನೆಯ ದೋಣಿ ಅಂಗಳದಲ್ಲಿ ಕಟ್ಟಿದೆವು, ನಕ್ಷೆಯ ಪ್ರಕಾರ. ಆಮೇಲಿನವೆಲ್ಲ ಅದರ ಹಾಗೆಯೇ. ಒಂದನೇ ನಂಬರು ಮಾತ್ರ ಸಪೂರ. ಕ್ಲಬ್ಬಿನಲ್ಲಿ ಹಳಬರಿಗೆಲ್ಲ ಗೊತ್ತು, ಅದನ್ನು ಹೇಳಿಕೊಂಡು ನಗುತ್ತಾರೆ. ಟೇಪು ಹಿಡಿಯುವ ಪ್ರಸಂಗ ಬಂದಿರಲಿಲ್ಲ, ಅಷ್ಟೇ.

ಮಾರ್ಚ್ ೧೭

ಅಳೆದೆ. ಟೇಪಿನ ಆಚೆ ತುದಿ ಅಕ್ಕನ ಕೈಯಲ್ಲಿ.

“ಎಷ್ಟು?”

“ನಿಂಗೆ ಗೊತ್ತಲ್ಲ.”

“ಗೊತ್ತು ಕಣೋ. ಬಾಯಿ ಬಿಟ್ಟು ಹೇಳು, ಅವರು ಬರ್ಕೋಬೇಕು.”

ಹೇಳಿದೆ. ಪರೀಕ್ಷಕ ಬರೆದುಕೊಂಡ. ಸಪೂರ ದೋಣಿ ಕಡಿಮೆ ಗಾಳಿಯಲ್ಲಿ ಮುಂದೆ ಹೋಗುತ್ತದೆ, ಉಳಿದವರಿಗೆ ಅನ್ಯಾಯ ಅಂದ. ಇದು ಕ್ಲಾಸಿನೊಳಗೆ ಇರುವವರೆಗೆ ‘ಎಲ್ಲ ದೋಣಿಯೂ ಒಂದೇ’ ಎಂದು ತಾನು ಬರೆಯಲಾರೆ ಅಂದ. ದನಿಯಲ್ಲಿ ಕೊಂಕಿರಲಿಲ್ಲ. ಹೊರಡುವಾಗ ದೋಣಿಯ ಮೂತಿ ಸವರಿದ.

ಮಾರ್ಚ್ ೧೮

ಮನೆಯಲ್ಲಿ ಜಗಳ. ಅಕ್ಕನ ಮಗಳು ಎರಡು ದಾರಿ ತಂದಿದ್ದಳು. ಒಂದು, ಹಳೆಯ ದೋಣಿ ಎಂದು ವಿನಾಯಿತಿ ಕೇಳುವುದು. ಸಭೆ ಒಪ್ಪಬಹುದು, ಅಥವಾ ಮುಂದಿನ ವರ್ಷಕ್ಕೆ ತಳ್ಳಬಹುದು. ಇನ್ನೊಂದು, ಮಗ್ಗುಲು ಬಿಡಿಸಿ ಅಗಲ ಮಾಡಿಸುವುದು.

“ಬಿಡಿಸಿದ್ಮೇಲೆ ಅದು ಯಾವ ದೋಣಿ?” ಅಂದಳು ಅಕ್ಕ. “ನಂದಂತೂ ಅಲ್ಲ.”

ನಾನು ವಿನಾಯಿತಿಗೆ ಹಟ ಹಿಡಿದೆ. ಒಂದು ವರ್ಷ ಹೋದರೆ ಏನು ಗಂಟು ಹೋಗುತ್ತದೆ ಎಂದು ಕೂಗಾಡಿದೆ. ಅಕ್ಕ ಕನ್ನಡಕ ತೆಗೆದು ಒರೆಸಿಕೊಂಡಳು.

“ನಂಗಿನ್ನೆಷ್ಟು ವರ್ಷ ಇದೆ ಅಂತ ಅಳೆದು ನೋಡಿದೀಯಾ? ಒಂದು ದೋಣೀಗೆ ಬಿಟ್ರೆ ನಾಳೆ ಊರೂರಿನೋರೂ ಕೇಳ್ತಾರೆ. ನಾನೇ ಬರೆದ ನಿಯಮ ಕಣೋ. ನನಗೊಂದು, ಅವರಿಗೊಂದಾ?”

ಬಾಗಿಲು ದಬ್ಬಿಕೊಂಡು ಬಂದುಬಿಟ್ಟೆ. ಈ ವಯಸ್ಸಿನಲ್ಲಿ!

ಮಾರ್ಚ್ ೨೧

ಅಕ್ಕ ತಾನೇ ಬಂದಳು. ಕಾಫಿ ಕುಡಿದಳು. “ಒಂದನೇ ನಂಬರನ್ನ ಕ್ಲಾಸಿಂದ ತೆಗೆದುಬಿಡು. ಸಹಿ ನೀನೇ ಹಾಕ್ಬೇಕು, ಅಳತೆಗಾರ ನೀನು.”

ಹಾಕಿದೆ. ಅವಳು ಹೋದಮೇಲೆ ಅತ್ತುಬಿಟ್ಟೆ. ಆ ಅಡ್ಡಪಟ್ಟಿ ಕೊಯ್ದ ಕೈಯೇ ಇದು. ಮುನ್ನೂರು ಗುಬ್ಬಿಗಳಿಗೆ ತಾಯಿ ಅದು, ಇನ್ನು ಅದರ ಮಕ್ಕಳ ಜೊತೆ ಒಂದು ರೇಸೂ ಇಲ್ಲ. ಅಕ್ಕನಿಗೂ ಇಲ್ಲ. ಹೊಸ ದೋಣಿ ಕೊಡುತ್ತೇವೆ ಅಂದರು ಕ್ಲಬ್ಬಿನವರು. “ಸೊಂಟ ದಪ್ಪ, ನಂಗೆ ಒಗ್ಗಲ್ಲ” ಅಂದಳಂತೆ.

ನವೆಂಬರ್ ೯

ಆಯಿತು! ಸಭೆ ಕೈಯೆತ್ತಿತು. ಗುಬ್ಬಿ ಇಂಟರ್‌ನ್ಯಾಷನಲ್ ಕ್ಲಾಸ್. ಫೋನಿನಲ್ಲಿ ಅಕ್ಕನ ಮಗಳ ಕಿರುಚಾಟಕ್ಕೆ ಕಿವಿ ತೂತು ಬಿತ್ತು. ಮುಂದಿನ ವರ್ಷ ಮೊದಲ ವಿಶ್ವ ಚಾಂಪಿಯನ್‌ಷಿಪ್, ನಮ್ಮ ಕೆರೆಯಲ್ಲೇ. ಇಷ್ಟು ತಿಂಗಳು ಈ ಡೈರಿ ತೆಗೆಯಲೇ ಇಲ್ಲ. ಮನಸ್ಸು ಬಂದಿರಲಿಲ್ಲ.

ಅಕ್ಕ “ಆಯ್ತಾ? ಸರಿ ಹಾಗಾದ್ರೆ” ಅಂದಳು. ಅಷ್ಟೇ. ಆಮೇಲೆ ಬಚ್ಚಲಿಗೆ ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡಿದ್ದಳು.

ನವೆಂಬರ್ ೧೨, ಮಧ್ಯಾಹ್ನ

ಕ್ಲಾಸಿಗೆ ಸೇರದ ದೋಣಿಯ ಹಾಯಿಯ ಮೇಲೆ ಗುಬ್ಬಿಯ ಗುರುತಾಗಲಿ ನಂಬರಾಗಲಿ ಇರಕೂಡದು. ಅದೂ ಅಕ್ಕನೇ ಬರೆದ ನಿಯಮ. ಯಾರೂ ಕೇಳಿರಲಿಲ್ಲ, ಇರಲಿ ಬಿಡಿ ಅಂತಲೇ ಎಲ್ಲರೂ ಅಂದರು. ಅವಳು ಕೇಳಬೇಕಲ್ಲ. ಕ್ಲಬ್ಬಿನ ಜಗುಲಿಯಲ್ಲಿ ಹಾಯಿ ಹರವಿಕೊಂಡು ಕೂತಳು. ನಾನು ಬಟ್ಟೆ ಬಿಗಿಹಿಡಿದೆ, ಅವಳು ಕತ್ತರಿಯ ತುದಿಯಿಂದ ಒಂದೊಂದೇ ಹೊಲಿಗೆ ಬಿಚ್ಚಿದಳು. ಅಮ್ಮ ಹಾಕಿದ ಹೊಲಿಗೆ. ಮೊದಲು ಗುಬ್ಬಿ, ಆಮೇಲೆ ಒಂದು.

ಆ ಆಕಾರಕ್ಕೇ ಕತ್ತರಿಸಿ ಹಾಕಿದ್ದ ಬಿಳಿ ತೇಪೆ ಎದ್ದು ಬಂತು.

ಕೆಂಪು ಹಾಯಿ ಬಿಸಿಲಿಗೆ ಮಾಸಿ ಯಾವತ್ತೋ ಗುಲಾಬಿಯಾಗಿದೆ. ತೇಪೆಯಡಿ ಮಾತ್ರ ಬಿಸಿಲು ಬಿದ್ದಿಲ್ಲ. ಅಮ್ಮ ಅಂಗಡಿಯಿಂದ ತಂದ ದಿನದ ಅದೇ ಕೆಂಪು. ಕೆಂಪು ಗುಬ್ಬಿ, ಕೆಂಪು ಒಂದು. ಮೊದಲಿಗಿಂತ ಢಾಳಾಗಿ.

ಅಕ್ಕ ಮೊದಲು ನಕ್ಕಳು. ಕಣ್ಣೊರೆಸಿಕೊಂಡು ಮತ್ತೆ ನಕ್ಕಳು. “ಇದನ್ನ ಹೇಗೆ ಕೀಳ್ತೀಯೋ, ಅಳತೆಗಾರ?”

ನಿಯಮದ ಪುಸ್ತಕ ತಿರುವಿ ಹಾಕಿದೆ. ಇದರ ಬಗ್ಗೆ ಏನೂ ಇಲ್ಲ. ಜಗುಲಿಯಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ. ಅಕ್ಕ ಆಗಲೇ ಹಾಯಿ ಏರಿಸಿಬಿಟ್ಟಿದ್ದಾಳೆ. ಗಾಳಿ ಬಂತು, ದೋಣಿ ತಳ್ಳು ಬಾ ಅನ್ನುತ್ತಿದ್ದಾಳೆ. ಬಂದೆ ಅಂದರೂ ತಡೆಯದೆ ಒಬ್ಬಳೇ ನೀರಿಗಿಳಿದು—